ಹಿಂದಿನ ಸೀಟಿನ ಕಿವಿ

ಏಳು ವರ್ಷದ ಹುಡುಗನೊಬ್ಬ ನನ್ನ ಸಮಾಲೋಚನೆಯ ಕೋಣೆಯ ನೆಲದ ಮೇಲೆ ಆಟಿಕೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಟ್ರಾಫಿಕ್ ಜಾಮ್ ಆಟ ಆಡುತ್ತಿದ್ದ. ಅವನನ್ನು ಕರೆತಂದದ್ದು ಬೇರೆ ಕಾರಣಕ್ಕೆ. ಆಟೋ ಅಡ್ಡ ಬಂದದ್ದೇ ತಡ, "ಈ ಆಟೋದವರೆಲ್ಲ ಹೀಗೇ, ಇವರಿಗೆ ಲೈಸೆನ್ಸ್ ಕೊಟ್ಟೋರು ಯಾರು!" ಎಂದು ಗದರಿದ. ಪಕ್ಕದಲ್ಲಿ ಕೂತಿದ್ದ ಅಪ್ಪ ತಲೆ ತಗ್ಗಿಸಿದರು. ದನಿಯ ಏರಿಳಿತ, ಇಲ್ಲದ ಸ್ಟೇರಿಂಗಿಗೆ ಅಂಗೈ ಬಡಿದ ರೀತಿ ಎಲ್ಲವೂ ಅವರದೇ ಆಗಿತ್ತು.

ದಿನಕ್ಕೆರಡು ಹೊತ್ತು ಹಿಂದಿನ ಸೀಟಿನಲ್ಲಿ ಕೂರುವ ಮಗು ಎಷ್ಟೆಲ್ಲ ಕೇಳಿಸಿಕೊಳ್ಳುತ್ತದೆ! ಹಳದಿ ಬೋರ್ಡಿನವರೆಂದರೆ ನುಗ್ಗುವವರು. ಡೆಲಿವರಿ ಹುಡುಗರೆಂದರೆ ಒನ್‌ವೇಯಲ್ಲಿ ಎದುರು ಬರುವವರು. ಬುಲೆಟ್ಟಿನವನಿಗೆ ಪೊಗರು, ದೊಡ್ಡ ಎಸ್‌ಯುವಿಯವನು ಯಾವನೋ ಪುಢಾರಿಯ ಕಡೆಯವನು. ಮುಂದೆ ಸಣ್ಣ ಕಾರು ತೆವಳುತ್ತಿದ್ದರೆ "ಲೇಡಿ ಇರ್ಬೇಕು." ದಾಟಿ ಹೋಗುವಾಗ ನೋಡಿದರೆ ಒಳಗೆ ಗಿರಿಜಾ ಮೀಸೆಯ ಅಂಕಲ್. ಆ ಸಲ ಮಾತ್ರ ಕಾರಿನಲ್ಲಿ ಯಾರೂ ಏನೂ ಹೇಳುವುದಿಲ್ಲ. ಊಹೆ ನಿಜವಾದದ್ದಷ್ಟೇ ನೆನಪಿನಲ್ಲಿ ಉಳಿದು, ತಪ್ಪಿದ್ದು ಅಲ್ಲೇ ಮರೆತುಹೋಗುವುದು ಹೀಗೆ.

"ಕೆಟ್ಟ ಮಾತು ಆಡಲ್ಲ ಮೇಡಂ, ಸುಮ್ಮನೆ ಅಂದದ್ದು" ಎನ್ನುತ್ತಾರೆ ಪೋಷಕರು. ಆದರೆ ಮಗುವಿನ ಮನಸ್ಸಿನಲ್ಲಿ ಬೇರೂರಲು ಬೈಗುಳವೇ ಆಗಬೇಕಿಲ್ಲ. ಮಾರ್ಜೊರಿ ರೋಡ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ 'ಝಾರ್ಪಿ' ಎಂಬ ಕಾಲ್ಪನಿಕ ಜನರ ಚಿತ್ರಪುಸ್ತಕ ಓದಿ ಹೇಳಿದರು. ಕೆಲವರಿಗೆ ಓದಿದ್ದು 'ಝಾರ್ಪಿಗಳು ಹೀಗೆ ಮಾಡುತ್ತಾರೆ' ಎಂದು, ಉಳಿದವರಿಗೆ 'ಈ ಝಾರ್ಪಿ ಹೀಗೆ ಮಾಡುತ್ತಾನೆ' ಎಂದು. ಮೊದಲಿನಂತೆ ಕೇಳಿದ ಮಕ್ಕಳಲ್ಲಿ ಆ ನಡವಳಿಕೆ ಅವರ ಹುಟ್ಟುಗುಣ, ಎಲ್ಲ ಝಾರ್ಪಿಗಳೂ ಹಾಗೇ ಎಂಬ ನಂಬಿಕೆ ಹೆಚ್ಚು ಕಂಡಿತು. ಅಷ್ಟಕ್ಕೆ ವಾಕ್ಯದ ರೂಪವೇ ಸಾಕಾಗಿತ್ತು.

ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಿವಿಗೆ ಬೀಳುತ್ತದೆ. "ಆಟೋದವರು ನುಗ್ತಾರೆ" ಎಂಬುದೊಂದು, "ಆ ಆಟೋ ನುಗ್ತು" ಎಂಬುದು ಇನ್ನೊಂದು. ಮೊದಲನೆಯದು ಒಂದು ಜಾತಿಯ ಗುಣ ಹೇಳಿತು, ಎರಡನೆಯದು ಈಗ ನಡೆದದ್ದನ್ನು ಹೇಳಿತು. ಸಿಟ್ಟು ಬಂದರೆ ಎರಡನೆಯ ವಾಕ್ಯದಲ್ಲೂ ಧಾರಾಳವಾಗಿ ಸಿಟ್ಟಾಗಬಹುದು. ನಾನು ಪೋಷಕರಿಂದ ಕೇಳುವುದು ಇಷ್ಟು ಸಣ್ಣ ಬದಲಾವಣೆ. ಬೆಂಗಳೂರಿನ ರಸ್ತೆಯಲ್ಲಿ ಶಾಂತಮೂರ್ತಿಗಳಾಗಿ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ.

"ಹಾಗಾದ್ರೆ ಆಟೋದವರು ನುಗ್ಗೋದು ಸುಳ್ಳಾ?" ಸುಳ್ಳಲ್ಲ. ಆದರೆ ಮಗುವಿಗೆ ಕಾರಣವನ್ನೂ ಹೇಳಿ. ಎಷ್ಟೋ ಚಾಲಕರದು ಬಾಡಿಗೆ ಆಟೋ. ದಿನದ ಬಾಡಿಗೆ ಕಟ್ಟಿ, ಗ್ಯಾಸಿಗೆ ಹಾಕಿ ಉಳಿದದ್ದು ಮನೆಗೆ. ಡೆಲಿವರಿ ಹುಡುಗನಿಗೆ ಹಣ ಸಿಗುವುದು ಮುಟ್ಟಿಸಿದ ಆರ್ಡರಿನ ಲೆಕ್ಕದಲ್ಲಿ. ಅಮ್ಮ ಊಟ ತಡವಾಯಿತೆಂದು ಫೋನ್ ಮಾಡಿದ್ದು ಅವನಿಗೇ ಎಂಬುದನ್ನೂ ಸೇರಿಸಬಹುದು. ಇದರಿಂದ ಅವನ ತಪ್ಪು ಮಾಫಿಯಾಗುವುದಿಲ್ಲ, ಆದರೆ ಅದು ಅವನ ಗುಣ ಎನ್ನುವ ಬದಲು ಅವನ ಪರಿಸ್ಥಿತಿಯಿಂದ ಹುಟ್ಟಿದ್ದು ಎಂದು ಮಗುವಿಗೆ ತಿಳಿಯುತ್ತದೆ. ನಾವು ಸಿಗ್ನಲ್ ಹಾರಿಸಿದಾಗ "ಸ್ಕೂಲಿಗೆ ಲೇಟಾಯ್ತು" ಎಂದು ನಮಗೆ ನಾವೇ ಪರಿಸ್ಥಿತಿಯ ರಿಯಾಯಿತಿ ಕೊಟ್ಟುಕೊಳ್ಳುತ್ತೇವಲ್ಲ! ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರಿಟ್ಟು ಗುರುತಿಸಿದ ದೋಷ ಇದಕ್ಕೆ ತೀರಾ ಹತ್ತಿರದ್ದು: ಇನ್ನೊಬ್ಬರು ಮಾಡಿದ್ದಕ್ಕೆ ಸನ್ನಿವೇಶವನ್ನು ಮರೆತು ಸ್ವಭಾವವನ್ನೇ ಕಾರಣವೆನ್ನುವುದು.

ಗಾಡಿಯ ಮೇಲಿನ ಹಣೆಪಟ್ಟಿ ಬದಲಾಗದ್ದೇನೂ ಅಲ್ಲ. 1980ರಲ್ಲಿ, ಶಂಕರ್ ನಾಗ್ ಆಟೋ ಚಾಲಕನಾಗಿ ನಟಿಸಿದ 'ಆಟೋ ರಾಜ' ಸಿನಿಮಾ ತೆರೆಕಂಡಿತು. ಅವರು ತೀರಿಕೊಂಡದ್ದು 1990ರಲ್ಲಿ. ಇಷ್ಟು ವರ್ಷಗಳ ಮೇಲೂ ಆಟೋಗಳ ಬೆನ್ನಿನಲ್ಲಿ ಅವರ ಚಿತ್ರವಿದೆ. ಯಾರದು ಎಂದು ಮಗು ಕೇಳಿದರೆ, ಒಂದು ಸಿನಿಮಾ ಖಾಕಿ ಅಂಗಿಗೆ ನಾಯಕನ ಕಳೆ ತಂದುಕೊಟ್ಟ ಕಥೆ ಹೇಳಿ. ಜಾಮ್‌ನಲ್ಲಿ ಹೊತ್ತೂ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗಾಡಿ ನೋಡಿ ಮನುಷ್ಯನನ್ನು ಅಳೆಯುವ ಮಗು ಎರಡೂ ಕಡೆ ಅಳೆಯುತ್ತದೆ. ಡಕೋಟಾ ಗಾಡಿಯವನು ಕೆಟ್ಟವನಾದರೆ, ಹೊಳೆಯುವ ಕಾರಿನವನು ಒಳ್ಳೆಯವನು. ಶಾಲೆಯ ಗೇಟಿನ ಮುಂದೆ ಎಸಿ ಕಾರಿನ ಗಾಜಿಳಿಸಿ "ಬಾ ಪುಟ್ಟಾ, ಮನೆಗೆ ಬಿಡ್ತೀನಿ" ಎನ್ನುವವನ ಮುಂದೆ ಈ ಪಾಠ ಅಪಾಯಕಾರಿ. ಮನೆಯವರು ಮೊದಲೇ ಹೇಳಿರದಿದ್ದರೆ ಯಾವ ಗಾಡಿಯನ್ನೂ ಹತ್ತಬಾರದು ಎಂಬುದೇ ನಿಯಮವಾಗಲಿ. ಹಾಗೆಯೇ "ಲಾರಿಯವರು ರಾಕ್ಷಸರು" ಎನ್ನುವುದಕ್ಕಿಂತ "ಲಾರಿಯ ಪಕ್ಕ ಅಂಟಿಕೊಂಡು ನಿಂತ ಸೈಕಲ್ ಅದರ ಡ್ರೈವರಿಗೆ ಕಾಣಿಸೋದೇ ಇಲ್ಲ" ಎಂದು ಹೇಳಿಕೊಡಿ. ನಿಂತ ಲಾರಿಯ ಹತ್ತಿರ ಕರೆದೊಯ್ದು ತೋರಿಸಿದರೆ ಇನ್ನೂ ಒಳ್ಳೆಯದು. ಇದು ಜೀವ ಉಳಿಸುವ ತಿಳಿವಳಿಕೆ.

ಮಕ್ಕಳು ಹದಿಹರೆಯಕ್ಕೆ ಬರುವಷ್ಟರಲ್ಲಿ ಇದೇ ಅಳತೆಗೋಲು ಅವರ ಮೇಲೇ ತಿರುಗುತ್ತದೆ. ಅಪ್ಪ ಆಟೋ ಓಡಿಸುವ ಹುಡುಗಿ "ಗೇಟಿನ ತನಕ ಬರ್ಬೇಡಪ್ಪ, ತಿರುವಿನಲ್ಲೇ ಇಳಿಸು" ಎನ್ನುತ್ತಾಳೆ. ಹದಿನಾರರ ಹುಡುಗ ಅಮ್ಮನ ಸ್ಕೂಟರಿನ ಹಿಂದೆ ಕೂರಲು ನಾಚುತ್ತಾನೆ, ಅದು "ಹುಡುಗೀರ ಗಾಡಿ", ತನಗೆ ಬೈಕೇ ಬೇಕು. ವರ್ಷಗಟ್ಟಲೆ "ಲೇಡಿ ಡ್ರೈವರ್" ಹಾಸ್ಯ ಕೇಳಿದ ಮಗಳು ಕಲಿಯುವ ವಯಸ್ಸು ಬಂದಾಗ ಕೀ ಮುಟ್ಟಲು ಹಿಂಜರಿಯುತ್ತಾಳೆ. ಭಯಸ್ಥೆ ಎಂದು ಅದಕ್ಕೂ ನಾವೇ ಹೆಸರಿಡುತ್ತೇವೆ.

ಬೈಕಿಗಾಗಿ ಹಟ ಹಿಡಿದವನಿಗೆ ಕಾನೂನನ್ನು ನೇರವಾಗಿ ಹೇಳಿ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ಮನೆಯ ಸ್ಕೂಟರ್ ಸಾಮಾನ್ಯವಾಗಿ 110 ಅಥವಾ 125 ಸಿಸಿ, ಆದ್ದರಿಂದ ಅದಕ್ಕೂ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಅವನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

ಮಾತು ಜಾರಿ "ಇವರೆಲ್ಲ ಹೀಗೇ" ಎಂದುಬಿಟ್ಟಿರಾ? ಅಲ್ಲೇ ತಿದ್ದಿಕೊಳ್ಳಿ, "ಇವನೊಬ್ಬ ನುಗ್ಗಿದ" ಎಂದು. ನೀವು ಮರೆತರೂ ನೆನಪಿಸುವ ಕೆಲಸವನ್ನು ಮಕ್ಕಳು ಬಲು ಖುಷಿಯಿಂದ ವಹಿಸಿಕೊಳ್ಳುತ್ತಾರೆ. ಮುಂದಿನ ಸಲ ಸಿಗ್ನಲ್‌ನಲ್ಲಿ ನಿಂತಾಗ ಒಂದು ಆಟ ಆಡಿ ನೋಡಿ. ಪಕ್ಕದ ಬಸ್ಸಿನ ಡ್ರೈವರ್, ಹಿಂದಿನ ಸ್ಕೂಟರಿನ ಅಕ್ಕ, ಎದುರಿನ ಆಟೋದ ಅಣ್ಣ ಇವರೆಲ್ಲ ಈಗ ನಮ್ಮ ಗಾಡಿಯನ್ನು ನೋಡಿ ಏನಂದುಕೊಳ್ಳುತ್ತಿರಬಹುದು ಎಂದು ಮಗುವನ್ನು ಕೇಳಿ. ಉತ್ತರ ಕೇಳಿ ನಗು ತಡೆಯಲಾಗದಿದ್ದರೆ ಬ್ರೇಕಿನ ಮೇಲೆ ಕಾಲಿರಲಿ.