ಒಳ್ಳೆಯ ಶಾಲೆಯನ್ನು ಅಳೆಯುವುದು ಹೇಗೆ?

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಊರೂರಿನಲ್ಲಿಯೂ ಒಂದು ಲೆಕ್ಕಾಚಾರ ಮೊದಲಾಗುತ್ತದೆ. ಯಾವ ಶಾಲೆಯಲ್ಲಿ ಶೇಕಡ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿ ಉನ್ನತ ದರ್ಜೆ ಪಡೆದರು ಎಂಬುದನ್ನು ನೋಡಿ, ಈ ಶಾಲೆ ಒಳ್ಳೆಯದು, ಆ ಶಾಲೆ ಸಾಧಾರಣದ್ದು ಎಂದು ಜನರು ತೀರ್ಪು ಕೊಡುತ್ತಾರೆ. ತಂದೆತಾಯಿಗಳು ಈ ತೀರ್ಪನ್ನು ನಂಬಿ ಮಕ್ಕಳನ್ನು ಒಂದು ಶಾಲೆಯಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸುವುದೂ ಉಂಟು. ಈ ತೀರ್ಪು ಸರಿಯೆ? ಶಾಲೆಯ ಒಳ್ಳೆಯತನವನ್ನು ನಿಜವಾಗಿಯೂ ಅಳೆಯಬಹುದೆ? ಅಳೆಯಬಹುದಾದರೆ, ಆ ಒಳ್ಳೆಯತನ ಎಲ್ಲಿಂದ ಬರುತ್ತದೆ? ಕಟ್ಟಡದಿಂದಲೆ, ಹಣದಿಂದಲೆ, ಉಪಾಧ್ಯಾಯರಿಂದಲೆ, ಅಥವಾ ಮುಖ್ಯೋಪಾಧ್ಯಾಯರಿಂದಲೆ? 1960ರ ದಶಕದಿಂದ ಈಚೆಗೆ ವಿಜ್ಞಾನಿಗಳು ಈ ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುತ್ತ ಬಂದಿದ್ದಾರೆ. ಅವರು ನಡೆದ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಹೊರಟ ಸ್ಥಳ, ತಲಪಿದ ಸ್ಥಳ

ಇಬ್ಬರು ರೈತರಿದ್ದಾರೆ ಎಂದು ಭಾವಿಸಿ. ಒಬ್ಬನದು ಕಾಲುವೆಯ ಕೆಳಗಿನ ಗದ್ದೆ. ಇನ್ನೊಬ್ಬನದು ಮಳೆಯನ್ನೇ ನಂಬಿದ ಕಲ್ಲುಭೂಮಿ. ಮೊದಲನೆಯವನು ಹೆಚ್ಚು ಬೆಳೆ ತೆಗೆದನೆಂಬ ಒಂದೇ ಕಾರಣದಿಂದ ಅವನೇ ಮೇಲಾದ ಬೇಸಾಯಗಾರನೆಂದು ಯಾರೂ ಹೇಳುವುದಿಲ್ಲ. ಭೂಮಿಯ ಗುಣವನ್ನು ಕಳೆದು ಉಳಿದುದನ್ನು ಮಾತ್ರ ಬೇಸಾಯಗಾರನ ಜಾಣ್ಮೆಯ ಲೆಕ್ಕಕ್ಕೆ ಬರೆಯಬೇಕು. ಶಾಲೆಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಎಂಟನೆಯ ತರಗತಿಗೆ ಸೇರುವಾಗ ‘ಅ’ ಶಾಲೆಯ ಮಕ್ಕಳ ಸರಾಸರಿ ಅಂಕ 70. ‘ಆ’ ಶಾಲೆಯ ಮಕ್ಕಳದು 35. ಹತ್ತನೆಯ ತರಗತಿಯ ಕೊನೆಗೆ ‘ಅ’ ಶಾಲೆಯ ಸರಾಸರಿ 72ಕ್ಕೂ ‘ಆ’ ಶಾಲೆಯದು 55ಕ್ಕೂ ಬಂದಿತು. ಬರಿಯ ಕೊನೆಯ ಅಂಕವನ್ನು ನೋಡಿದವರು ‘ಅ’ ಶಾಲೆಯನ್ನು ಹೊಗಳುತ್ತಾರೆ. ಆದರೆ ನಾಡಿನ ನೂರಾರು ಶಾಲೆಗಳ ಲೆಕ್ಕವನ್ನು ತೆಗೆದಾಗ, 70ರಿಂದ ಹೊರಟ ಮಕ್ಕಳು ಸಾಮಾನ್ಯವಾಗಿ 76ಕ್ಕೂ, 35ರಿಂದ ಹೊರಟವರು ಸಾಮಾನ್ಯವಾಗಿ 45ಕ್ಕೂ ತಲಪುತ್ತಾರೆಂದು ತಿಳಿದುಬಂದರೆ? ಆಗ ‘ಅ’ ಶಾಲೆ ನಿರೀಕ್ಷೆಗಿಂತ 4 ಅಂಕ ಹಿಂದೆ ಬಿದ್ದಿದೆ. ‘ಆ’ ಶಾಲೆ 10 ಅಂಕ ಮುಂದೆ ಸಾಗಿದೆ. ನಿರೀಕ್ಷಿತ ಫಲಕ್ಕೂ ನಿಜವಾದ ಫಲಕ್ಕೂ ಇರುವ ಈ ಅಂತರವನ್ನು ಸಂಶೋಧಕರು ಶಾಲೆಯ ‘ಮೌಲ್ಯವರ್ಧನೆ’ ಎಂದು ಕರೆಯುತ್ತಾರೆ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. 20 ಮಂದಿ ಮಾತ್ರ ಪರೀಕ್ಷೆಗೆ ಕುಳಿತ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ಜ್ವರದಿಂದ ಮಲಗಿದರೆ ಫಲಿತಾಂಶ ಶೇಕಡ 5ರಷ್ಟು ಇಳಿಯುತ್ತದೆ. 200 ಮಂದಿ ಕುಳಿತ ಶಾಲೆಯಲ್ಲಿ ಶೇಕಡ ಅರ್ಧದಷ್ಟು ಮಾತ್ರ ಇಳಿಯುತ್ತದೆ. ಆದುದರಿಂದ ಚಿಕ್ಕ ಶಾಲೆಗಳು ಒಂದು ವರ್ಷ ಪಟ್ಟಿಯ ತುದಿಗೇರಿ ಮರುವರ್ಷ ಬುಡಕ್ಕಿಳಿಯುವುದು ಆಶ್ಚರ್ಯವಲ್ಲ. ಒಂದು ವರ್ಷದ ಅಂಕಿಯಿಂದ ಶಾಲೆಯ ಗುಣವನ್ನು ನಿರ್ಣಯಿಸಲಾಗದು.

ಒಂದು ನಿರಾಶಾದಾಯಕ ವರದಿ

ಶಾಲೆಗಳ ಅಳತೆಗೆ ದೊಡ್ಡ ಪ್ರಮಾಣದಲ್ಲಿ ಕೈಹಾಕಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಪ್ರಮುಖರು. 1964ರ ನಾಗರಿಕ ಹಕ್ಕುಗಳ ಶಾಸನದ ಆದೇಶದಂತೆ ಅವರ ತಂಡವು ಸುಮಾರು 4,000 ಶಾಲೆಗಳ 6 ಲಕ್ಷದಷ್ಟು ವಿದ್ಯಾರ್ಥಿಗಳ ವಿಷಯವನ್ನು ಸಂಗ್ರಹಿಸಿ 1966ರಲ್ಲಿ ವರದಿಯನ್ನು ಪ್ರಕಟಿಸಿತು. ಕಟ್ಟಡ, ಪ್ರಯೋಗಶಾಲೆ, ಪುಸ್ತಕಭಂಡಾರ ಮೊದಲಾದ ಅನುಕೂಲಗಳ ವ್ಯತ್ಯಾಸವೇ ಮಕ್ಕಳ ಕಲಿಕೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣವಾಗಿರಬೇಕೆಂದು ಆಗ ಬಹುಮಂದಿ ನಂಬಿದ್ದರು. ಅಂಕಿಗಳು ಬೇರೆಯೇ ಮಾತನ್ನು ಹೇಳಿದುವು. ಮಗುವಿನ ಮನೆಯ ಹಿನ್ನೆಲೆ ಮತ್ತು ಜೊತೆಯಲ್ಲಿ ಕಲಿಯುವವರ ಹಿನ್ನೆಲೆ ಇವುಗಳ ಪ್ರಭಾವದ ಮುಂದೆ ಶಾಲೆಯ ಅನುಕೂಲಗಳ ಪ್ರಭಾವ ಬಹಳ ಅಲ್ಪವಾಗಿ ಕಂಡಿತು.

ಇದನ್ನು ಓದಿದ ಅನೇಕರು ಶಾಲೆಯಿಂದ ಏನೂ ಆಗದು ಎಂಬ ಅರ್ಥವನ್ನು ಮಾಡಿಕೊಂಡರು. ಬಡವರ ಮಗು ಎಲ್ಲಿ ಓದಿದರೂ ಹಿಂದೆಯೇ ಉಳಿಯುವುದಾದರೆ ಶಾಲೆಗಳ ಸುಧಾರಣೆಗೆ ಶ್ರಮಪಡುವುದೇತಕ್ಕೆ? ಆದರೆ ಈ ವಾದದಲ್ಲಿ ಒಂದು ಬಿರುಕಿತ್ತು. ಕೋಲ್ಮನ್ ತಂಡವು ಹೆಚ್ಚಾಗಿ ಅಳೆದುದು ಎಣಿಸಲು ಸುಲಭವಾದ ವಸ್ತುಗಳನ್ನು. ಪುಸ್ತಕಭಂಡಾರದಲ್ಲಿ ಎಷ್ಟು ಪುಸ್ತಕಗಳಿವೆ ಎಂಬುದನ್ನು ಎಣಿಸಬಹುದು. ಅವನ್ನು ಯಾರು ತೆರೆದು ಓದಿದರು ಎಂಬುದನ್ನು ತಿಳಿಯಬೇಕಾದರೆ ಶಾಲೆಯೊಳಗೆ ಹೋಗಿ ಕುಳಿತುಕೊಳ್ಳಬೇಕು.

ಹದಿನೈದು ಸಾವಿರ ಗಂಟೆಗಳು

ಹಾಗೆ ಒಳಗೆ ಹೋಗಿ ಕುಳಿತವರು ಲಂಡನ್ನಿನ ಮನೋವೈದ್ಯ ಮೈಕೇಲ್ ರಟ್ಟರ್ ಮತ್ತು ಅವರ ಸಂಗಡಿಗರು. ಐದನೆಯ ವಯಸ್ಸಿನಿಂದ ಶಾಲೆ ಬಿಡುವವರೆಗೆ ಇಂಗ್ಲೆಂಡಿನ ಮಗುವೊಂದು ಶಾಲೆಯಲ್ಲಿ ಕಳೆಯುವ ಕಾಲ ಸುಮಾರು 15,000 ಗಂಟೆಗಳು. 1979ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಈ ಸಂಖ್ಯೆಯೇ ಹೆಸರಾಯಿತು. ಅವರು ಲಂಡನ್ನಿನ ಒಳಭಾಗದ 12 ಪ್ರೌಢಶಾಲೆಗಳನ್ನು ಆರಿಸಿಕೊಂಡರು. ಶಾಲೆಗೆ ಸೇರುವ ಮೊದಲೇ, ಹತ್ತನೆಯ ವಯಸ್ಸಿನಲ್ಲಿ, ಆ ಮಕ್ಕಳ ಸಾಮರ್ಥ್ಯ ಎಷ್ಟಿತ್ತು, ಅವರ ಮನೆಯ ಪರಿಸ್ಥಿತಿ ಏನು ಎಂಬುದು ಅವರಿಗೆ ತಿಳಿದಿತ್ತು. ಎಂದರೆ ಹೊರಟ ಸ್ಥಳದ ಗುರುತು ಕೈಯಲ್ಲಿತ್ತು. ಬಳಿಕ ಹಾಜರಿ, ಶಾಲೆಯೊಳಗಿನ ನಡತೆ, ಹೊರಗಿನ ಅಪರಾಧ, ಪರೀಕ್ಷೆಯ ಫಲ ಎಂಬ ನಾಲ್ಕು ವಿಷಯಗಳಲ್ಲಿ ತಲಪಿದ ಸ್ಥಳವನ್ನು ಅಳೆದರು.

ಮಕ್ಕಳ ಹಿನ್ನೆಲೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ ಶಾಲೆಶಾಲೆಗಳ ನಡುವೆ ದೊಡ್ಡ ಅಂತರ ಉಳಿಯಿತು. ಅತ್ಯಂತ ಯಶಸ್ವಿಯಾದ ಶಾಲೆಯಲ್ಲಿ ಕೆಳಮಟ್ಟದ ಸಾಮರ್ಥ್ಯದಿಂದ ಆರಂಭಿಸಿದ ಮಕ್ಕಳು, ಅತ್ಯಂತ ಸೋತ ಶಾಲೆಯಲ್ಲಿ ಮೇಲ್ಮಟ್ಟದಿಂದ ಆರಂಭಿಸಿದವರಷ್ಟೇ ಒಳ್ಳೆಯ ಪರೀಕ್ಷಾಫಲವನ್ನು ಸರಾಸರಿಯಲ್ಲಿ ಪಡೆದರು. ಶಾಲೆಯಿಂದ ಏನೂ ಆಗದು ಎಂಬ ಮಾತು ಇಲ್ಲಿಗೆ ಮುರಿದುಬಿತ್ತು.

ಈ ಅಂತರಕ್ಕೆ ಕಾರಣವೇನು? ಕಟ್ಟಡದ ವಯಸ್ಸಾಗಲಿ ಶಾಲೆಯ ಗಾತ್ರವಾಗಲಿ ಅಲ್ಲ. ಯಶಸ್ವಿ ಶಾಲೆಗಳಲ್ಲಿ ಪಾಠಗಳು ವೇಳೆಗೆ ಸರಿಯಾಗಿ ಆರಂಭವಾಗುತ್ತಿದ್ದುವು. ಸಲಕರಣೆಗಳನ್ನು ಹೊಂದಿಸುವುದರಲ್ಲಿ ಕಾಲ ಕಳೆಯುತ್ತಿರಲಿಲ್ಲ. ಮನೆಗೆಲಸವನ್ನು ಕೊಡುತ್ತಿದ್ದರು, ಕೊಟ್ಟುದನ್ನು ನೋಡುತ್ತಿದ್ದರು. ಉಪಾಧ್ಯಾಯರು ಒಟ್ಟಿಗೆ ಕುಳಿತು ಪಾಠಕ್ರಮವನ್ನು ಯೋಜಿಸುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಮೆಚ್ಚುಗೆಯ ಮಾತು ಧಾರಾಳವಾಗಿ ದೊರೆಯುತ್ತಿತ್ತು; ಮಕ್ಕಳ ಬರಹ ಚಿತ್ರಗಳು ಗೋಡೆಯ ಮೇಲಿರುತ್ತಿದ್ದುವು. ಅನೇಕ ವಿದ್ಯಾರ್ಥಿಗಳಿಗೆ ಹೊಣೆಗಾರಿಕೆಯ ಕೆಲಸಗಳಿದ್ದುವು. ಇವುಗಳಲ್ಲಿ ಒಂದೊಂದೂ ಅಲ್ಪವೇ. ಆದರೆ ಇವೆಲ್ಲವೂ ಕೂಡಿ ಶಾಲೆಗೆ ಒಂದು ಹದವನ್ನು ಕೊಡುತ್ತವೆ. ಒಬ್ಬ ಉಪಾಧ್ಯಾಯರು ಬದಲಾದರೂ ಈ ಹದ ಕೆಡುವುದಿಲ್ಲ.

ರಟ್ಟರ್ ಇನ್ನೊಂದು ಸಂಗತಿಯನ್ನೂ ಮರೆಮಾಚಲಿಲ್ಲ. ಸೇರುವಾಗಲೇ ಸಾಕಷ್ಟು ಸಮರ್ಥರಾದ ಮಕ್ಕಳು ಇದ್ದ ಶಾಲೆಗಳಿಗೆ ಅದರಿಂದ ಅನುಕೂಲವಿತ್ತು. ಮನೆಯ ಪ್ರಭಾವ ಸುಳ್ಳಲ್ಲ. ಆದರೆ ಅದೊಂದೇ ಮಗುವಿನ ಹಣೆಬರಹವಲ್ಲ.

ಮುಖ್ಯೋಪಾಧ್ಯಾಯರ ಪಾತ್ರ

ಇಂಥ ಹದವನ್ನು ತರುವವರು ಯಾರು? ಅಮೆರಿಕದಲ್ಲಿ ರೊನಾಲ್ಡ್ ಎಡ್ಮಂಡ್ಸ್ ಅವರು ಬಡವರ ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದ ನಗರದ ಶಾಲೆಗಳನ್ನು ಪರಿಶೀಲಿಸಿ 1979ರಲ್ಲಿ ಅವುಗಳ ಸಮಾನ ಲಕ್ಷಣಗಳನ್ನು ಹೇಳಿದರು. ದೃಢವಾದ ನಾಯಕತ್ವ, ಎಲ್ಲ ಮಕ್ಕಳೂ ಕಲಿಯಬಲ್ಲರೆಂಬ ನಿರೀಕ್ಷೆ, ಶಿಸ್ತಿನ ಆದರೆ ಬಿಗಿಯಲ್ಲದ ವಾತಾವರಣ, ಮೂಲಕೌಶಲಗಳಿಗೆ ಪ್ರಾಧಾನ್ಯ, ಮಕ್ಕಳ ಪ್ರಗತಿಯನ್ನು ಮತ್ತೆ ಮತ್ತೆ ನೋಡುವ ಪದ್ಧತಿ ಇವೇ ಆ ಐದು.

ರಟ್ಟರ್ ಅವರ ಸಂಗಡಿಗರಲ್ಲಿ ಒಬ್ಬರಾಗಿದ್ದ ಪೀಟರ್ ಮಾರ್ಟಿಮೋರ್ ಮುಂದೆ ಲಂಡನ್ನಿನ 50 ಪ್ರಾಥಮಿಕ ಶಾಲೆಗಳಲ್ಲಿ ಸುಮಾರು 2,000 ಮಕ್ಕಳನ್ನು ನಾಲ್ಕು ವರ್ಷ ಅನುಸರಿಸಿ 1988ರಲ್ಲಿ ಫಲವನ್ನು ಪ್ರಕಟಿಸಿದರು. ಅಲ್ಲಿ ನಾಯಕತ್ವದ ಸ್ವರೂಪ ಇನ್ನಷ್ಟು ಸ್ಪಷ್ಟವಾಯಿತು. ಸಮರ್ಥರಾದ ಮುಖ್ಯೋಪಾಧ್ಯಾಯರು ಶಾಲೆಯ ಕೆಲಸದಲ್ಲಿ ತಾವೇ ತೊಡಗಿರುತ್ತಿದ್ದರು. ಆದರೆ ಎಲ್ಲವನ್ನೂ ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಉಪಾಧ್ಯಾಯರ ಬೋಧನಕ್ರಮದಲ್ಲಿ ಅಗತ್ಯವಾದಾಗ ಮಾತ್ರ ಕೈಹಾಕುತ್ತಿದ್ದರು. ಉಪಮುಖ್ಯೋಪಾಧ್ಯಾಯರಿಗೂ ಇತರರಿಗೂ ನಿರ್ಣಯಗಳಲ್ಲಿ ಪಾಲು ಕೊಡುತ್ತಿದ್ದರು. ಎಲ್ಲವನ್ನೂ ತಾನೇ ಆಳುವವನೂ, ಯಾವುದನ್ನೂ ನೋಡದೆ ಬಿಡುವವನೂ ಇಬ್ಬರೂ ಈ ಅಳತೆಯಲ್ಲಿ ಸೋತರು.

2008ರಲ್ಲಿ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದರು. ಉತ್ಸಾಹ ತುಂಬುವ, ಧ್ಯೇಯಗಳನ್ನು ಸಾರುವ ನಾಯಕತ್ವಕ್ಕಿಂತ, ಪಾಠ ಬೋಧನೆಗಳ ಮೇಲೆಯೇ ಕಣ್ಣಿಟ್ಟ ನಾಯಕತ್ವದ ಪ್ರಭಾವ ಮೂರು ನಾಲ್ಕು ಪಟ್ಟು ಹೆಚ್ಚಾಗಿ ಕಂಡಿತು. ಎಲ್ಲಕ್ಕಿಂತ ಹೆಚ್ಚಿನ ಫಲ ಕೊಟ್ಟುದು ಮುಖ್ಯೋಪಾಧ್ಯಾಯರು ಉಪಾಧ್ಯಾಯರ ಕಲಿಕೆಯನ್ನು ಪ್ರೋತ್ಸಾಹಿಸುವುದಷ್ಟೇ ಅಲ್ಲದೆ, ಅವರ ಜೊತೆಯಲ್ಲಿ ತಾವೂ ಕುಳಿತು ಕಲಿಯುವುದು. ವೇದಿಕೆಯ ಭಾಷಣಕ್ಕಿಂತ ತರಗತಿಯ ಹಿಂದಿನ ಬೆಂಚು ನಾಯಕನಿಗೆ ಹೆಚ್ಚು ಉಪಯುಕ್ತವಾದ ಸ್ಥಳವೆಂದಾಯಿತು.

ಕಾರಣವೋ, ಜೊತೆಗಾರನೋ?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬೇಕು. ಒಳ್ಳೆಯ ನಾಯಕನೂ ಒಳ್ಳೆಯ ಶಾಲೆಯೂ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಬಹುದೆ? ಚೆನ್ನಾಗಿ ನಡೆಯುವ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ತರಗತಿಗೆ ಹೋಗಿ ಕೂರಲು ಬಿಡುವು ಸಿಕ್ಕಿರಬಹುದಲ್ಲವೆ? ಇದನ್ನು ಪರಿಹರಿಸುವುದಕ್ಕೆ ಪ್ರಯೋಗ ಬೇಕು. ಔಷಧದ ಪರೀಕ್ಷೆಯಂತೆ, ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹೊಸ ಕ್ರಮವನ್ನು ಕೊಟ್ಟು ನೋಡಬೇಕು.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ರೋಲಂಡ್ ಫ್ರಾಯರ್ ಇಂಥ ಪ್ರಯೋಗವನ್ನು ಮಾಡಿ 2017ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಮುಖ್ಯೋಪಾಧ್ಯಾಯರಿಗೆ ಎರಡು ವರ್ಷಗಳಲ್ಲಿ 300 ಗಂಟೆಗಳ ತರಬೇತಿ ದೊರೆಯಿತು. ಪಾಠದ ಯೋಜನೆ, ಮಕ್ಕಳ ಅಂಕಗಳನ್ನು ನೋಡಿ ಬೋಧನೆಯನ್ನು ತಿದ್ದುವುದು, ತರಗತಿಯನ್ನು ವೀಕ್ಷಿಸಿ ಉಪಾಧ್ಯಾಯರಿಗೆ ಸಲಹೆ ಕೊಡುವುದು, ಇವೇ ತರಬೇತಿಯ ವಿಷಯಗಳು. ಮೊದಲ ವರ್ಷದಲ್ಲಿ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು. ಎರಡನೆಯ ವರ್ಷದಲ್ಲಿ ಅಂಥ ಏರಿಕೆ ಖಚಿತವಾಗಲಿಲ್ಲ. ಎರಡು ವರ್ಷವೂ ಅದೇ ಸ್ಥಾನದಲ್ಲಿ ಉಳಿದ ಮುಖ್ಯೋಪಾಧ್ಯಾಯರ ಶಾಲೆಗಳಿಂದಲೇ ಲಾಭ ಬಂದಿತೆಂದು ಫ್ರಾಯರ್ ಅಭಿಪ್ರಾಯಪಟ್ಟರು. ಪದೇ ಪದೇ ವರ್ಗಾವಣೆಯಾಗುವ ಕಡೆ ಹದ ಕೂಡುವುದು ಕಷ್ಟ.

ನಮ್ಮ ದೇಶದ ಒಂದು ಪ್ರಯೋಗ ಇದಕ್ಕಿಂತಲೂ ಬೋಧಪ್ರದವಾಗಿದೆ. ಮಧ್ಯಪ್ರದೇಶದಲ್ಲಿ ಚೀಟಿ ಎತ್ತಿದಂತೆ ಆರಿಸಿದ 1,774 ಶಾಲೆಗಳಲ್ಲಿ ಪ್ರತಿ ಶಾಲೆಯ ಗುಣದೋಷಗಳನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಸುಧಾರಣೆಯ ಯೋಜನೆಯನ್ನು ಬರೆಯಿಸಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ 2020ರಲ್ಲಿ ಇದರ ಫಲವನ್ನು ತಿಳಿಸಿದರು. ಪರಿಶೀಲನೆಯ ಪತ್ರಗಳು ಹೆಚ್ಚುಕಡಮೆ ಎಲ್ಲ ಕಡೆಯೂ ತುಂಬಿದ್ದುವು. ಕೊಟ್ಟ ದರ್ಜೆಗಳೂ ಅರ್ಥವುಳ್ಳವಾಗಿದ್ದುವು. ಆದರೆ ಶಾಲೆಗಳ ನಡವಳಿಯಲ್ಲಿಯಾಗಲಿ ಮಕ್ಕಳ ಕಲಿಕೆಯಲ್ಲಿಯಾಗಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಏಕೆಂದರೆ ಕಾಗದ ಬದಲಾಯಿತೇ ಹೊರತು ಯಾರ ಹೊಣೆಯೂ ಬದಲಾಗಲಿಲ್ಲ. ಆದರೂ ಕಾಗದದ ಮೇಲೆ ಯಶಸ್ವಿಯಾಗಿ ಕಂಡ ಈ ಕ್ರಮ ದೇಶದ 6 ಲಕ್ಷಕ್ಕೂ ಮಿಕ್ಕ ಶಾಲೆಗಳಿಗೆ ಹರಡಿತು. ಅಳೆಯದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಫಲಿತಾಂಶ

ಈ ಎಲ್ಲ ಅಧ್ಯಯನಗಳಿಂದ ಹೊರಡುವ ಸಾರ ಇಷ್ಟು. ಶಾಲೆಯ ಬೆಲೆಯನ್ನು ಅದು ತಲಪಿದ ಎತ್ತರದಿಂದಲ್ಲ, ಮಕ್ಕಳನ್ನು ಹೊರಟ ಸ್ಥಳದಿಂದ ಎಷ್ಟು ದೂರ ಕೊಂಡೊಯ್ದಿತು ಎಂಬುದರಿಂದ ಅಳೆಯಬೇಕು. ಆ ದೂರವನ್ನು ಹೆಚ್ಚಿಸುವುದು ಪ್ರತಿದಿನದ ತರಗತಿಯ ಕೆಲಸ. ಆ ಕೆಲಸವನ್ನು ದಿನವೂ ನೋಡುವ, ನೋಡಿ ನೆರವಾಗುವ, ಸಾಕಷ್ಟು ಕಾಲ ನಿಲ್ಲುವ ಮುಖ್ಯೋಪಾಧ್ಯಾಯರೇ ಸಮರ್ಥ ನಾಯಕರು. ಕಟ್ಟಡ, ಹಣ, ಪುಸ್ತಕ ಇವು ಬೇಡವೆಂದಲ್ಲ; ತರಗತಿಯ ಕೆಲಸಕ್ಕೆ ಒದಗಿದಾಗಲೇ ಅವು ಸಾರ್ಥಕವಾಗುತ್ತವೆ.

ಇನ್ನು ಕೆಲವು ವರ್ಷಗಳಲ್ಲಿ ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಉಪಾಧ್ಯಾಯರಾಗುತ್ತೀರಿ, ಅಧಿಕಾರಿಗಳಾಗುತ್ತೀರಿ, ತಂದೆತಾಯಿಗಳಂತೂ ಬಹುಮಂದಿ ಆಗುತ್ತೀರಿ. ಅಂದು ನೀವು ಯಾವುದಾದರೂ ಶಾಲೆಯ ಫಲಿತಾಂಶದ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಎರಡು ಪ್ರಶ್ನೆಗಳನ್ನು ಕೇಳಿ: ಈ ಮಕ್ಕಳು ಎಲ್ಲಿಂದ ಹೊರಟಿದ್ದರು? ಅವರ ಜೊತೆಯಲ್ಲಿ ದಿನವೂ ನಡೆದವರು ಯಾರು?