ತೀವ್ರ ನಿಗಾ ಘಟಕದ ರೋಗಿಗೆ ಕೀಟೋಜೆನಿಕ್ ಪಥ್ಯ

ಪಥ್ಯವಿಲ್ಲದ ಔಷಧಿ ಫಲಿಸದೆಂಬುದು ನಮ್ಮ ಹಿರಿಯರೆಲ್ಲರೂ ಬಲ್ಲ ವಿಷಯ. ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿಗೆ ಪಥ್ಯವೇ ಒಂದು ಚಿಕಿತ್ಸೆಯಾಗುವ ಸಂದರ್ಭವೂ ಉಂಟು. ಅಂತಹುದೇ ಕೀಟೋಜೆನಿಕ್ ಆಹಾರ. ‘ಕೀಟೋ’ ಎಂದರೆ ತೂಕ ಇಳಿಸುವ ಉಪಾಯವೆಂದು ಇಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಹುಟ್ಟಿದ್ದು ಅಪಸ್ಮಾರ, ಅಂದರೆ ಮೂರ್ಛೆರೋಗದ ಚಿಕಿತ್ಸೆಗಾಗಿ. ಉಪವಾಸದಿಂದ ಮೂರ್ಛೆಯ ಸೆಳೆತಗಳು ತಗ್ಗುವುದು ತಿಳಿದಿತ್ತು. ಆಹಾರ ಕೊಡುತ್ತಲೇ ಅದೇ ಪರಿಣಾಮವನ್ನು ಪಡೆಯುವ ಈ ಕ್ರಮವನ್ನು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಸೂಚಿಸಿದರು.

ದೇಹದಲ್ಲಿ ನಡೆಯುವುದೇನು?

ಅನ್ನ, ರೊಟ್ಟಿ, ಬೆಲ್ಲ, ಹಣ್ಣುಗಳಿಂದ ದೊರೆಯುವ ಗ್ಲೂಕೋಸ್ ಮಿದುಳಿನ ನಿತ್ಯದ ಇಂಧನ. ಅದು ಕಡಿಮೆಯಾದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ದ್ರವ್ಯಗಳನ್ನು ತಯಾರಿಸಿ ಮಿದುಳಿಗೆ ಒದಗಿಸುತ್ತದೆ. ಈ ಸ್ಥಿತಿಯಲ್ಲಿ ನರಕೋಶಗಳ ಅತಿಯಾದ ಉದ್ರೇಕವು ಶಮನಗೊಳ್ಳುತ್ತದೆ. ಪಥ್ಯದ ಮೂಲ ಪ್ರಮಾಣದಂತೆ ಪಿಷ್ಟ ಮತ್ತು ಪ್ರೋಟೀನ್ ಎರಡೂ ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ ಇರಬೇಕು. ಆಗ ಸುಮಾರು 90 ಪ್ರತಿಶತ ಶಕ್ತಿ ಕೊಬ್ಬಿನಿಂದಲೇ ದೊರೆಯುತ್ತದೆ.

ಯಾರಿಗೆ ಕೊಡುತ್ತಾರೆ?

ಕೆಲವರಲ್ಲಿ ಸೆಳೆತಗಳು ಔಷಧಿಗೆ ಬಗ್ಗುವುದಿಲ್ಲ. ಅರಿವಳಿಕೆ ಕೊಟ್ಟು 24 ಗಂಟೆ ಕಳೆದರೂ ನಿಲ್ಲದ ಇಂತಹ ಅಪಸ್ಮಾರವು ಪ್ರಾಣಾಂತಿಕ. ಆಗ ಮೂಗಿನ ನಳಿಕೆಯ ಮೂಲಕ ಈ ದ್ರವಾಹಾರವನ್ನು ಕೊಡಲಾಗುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪಥ್ಯವನ್ನು ಪೂರೈಸಿದ 14 ವಯಸ್ಕರ ಪೈಕಿ 11 ಮಂದಿಯ ಸೆಳೆತ ನಿಂತಿತು. ಆದರೆ ಹೋಲಿಕೆಗೆ ಪಥ್ಯವಿಲ್ಲದ ಗುಂಪು ಅಲ್ಲಿರಲಿಲ್ಲ. ಇತರ ಔಷಧಿಗಳೂ ನಡೆದಿದ್ದವು. ಆದುದರಿಂದ ಇದು ಭರವಸೆ ಮೂಡಿಸುವ ಫಲವೇ ಹೊರತು ಅಂತಿಮ ನಿರ್ಣಯವಲ್ಲ. ರಕ್ತಕ್ಕೆ ಸೋಂಕು ತಗುಲಿದವರಲ್ಲಿ ಹಾಗೂ ಮಿದುಳಿಗೆ ಪೆಟ್ಟಾದವರಲ್ಲಿ ಪ್ರಯೋಗಗಳು ಇನ್ನೂ ಆರಂಭದ ಹಂತದಲ್ಲಿವೆ.

ಮನೆಯವರು ಅರಿಯಬೇಕಾದುದು

‘ಬರೀ ಎಣ್ಣೆಯಂಥದ್ದನ್ನು ಕೊಡುತ್ತಿದ್ದಾರೆ, ಒಂದು ಲೋಟ ಗಂಜಿಯೂ ಇಲ್ಲ’ ಎಂದು ಬಂಧುಗಳು ನೊಂದುಕೊಳ್ಳುವುದು ಸಹಜ. ಆದರೆ ಇಲ್ಲಿ ಗಂಜಿ, ಎಳನೀರು, ಜೇನು ಎಲ್ಲವೂ ಅಪಥ್ಯ. ಸಕ್ಕರೆ ಬೆರೆತ ಚ್ಯವನಪ್ರಾಶ, ಬೆಲ್ಲದಿಂದ ತಯಾರಾದ ಅರಿಷ್ಟ ಮತ್ತು ಆಸವಗಳು ಕೂಡ ನಿಷಿದ್ಧ. ಸಿರಪ್ಪುಗಳಲ್ಲಿರುವ ಸಕ್ಕರೆಯನ್ನೂ ವೈದ್ಯರು ಲೆಕ್ಕವಿಡುತ್ತಾರೆ. ಪ್ರಸಾದದ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಬಾರದು. ಪ್ರಜ್ಞೆಯಿಲ್ಲದವರಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಉಂಟು. ಹಣೆಗೆ ವಿಭೂತಿ ಧರಿಸಿ ಪ್ರಾರ್ಥಿಸಿದರೆ ಸಾಕು. ಹಾಲಿನ ಪ್ರೋಟೀನ್ ಹಾಗೂ ಸಸ್ಯತೈಲಗಳಿಂದ ತಯಾರಾದ ದ್ರವಾಹಾರಗಳಿವೆ. ಸಸ್ಯಾಹಾರಿಗಳು ಆಸ್ಪತ್ರೆಯ ಆಹಾರತಜ್ಞರಿಗೆ ಮೊದಲೇ ತಿಳಿಸಬೇಕು.

ಮೇದೋಜೀರಕ ಗ್ರಂಥಿಯ ಉರಿಯೂತ, ಯಕೃತ್ತಿನ ವೈಫಲ್ಯ, ಕೊಬ್ಬು ಕರಗಿಸಲಾಗದ ಜನ್ಮಜಾತ ದೋಷ ಇರುವವರಿಗೆ ಈ ಪಥ್ಯ ಸಲ್ಲದು. ಮಧುಮೇಹಕ್ಕೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಸೇವಿಸುತ್ತಿದ್ದವರಲ್ಲಿ ರಕ್ತದ ಆಮ್ಲೀಯತೆ ಅಪಾಯಕರವಾಗಿ ಏರಬಹುದು. ಆದುದರಿಂದ ರೋಗಿಯು ಸೇವಿಸುತ್ತಿದ್ದ ಎಲ್ಲ ಮಾತ್ರೆಗಳನ್ನೂ, ಆಯುರ್ವೇದ ಔಷಧಿಗಳನ್ನೂ ಮರೆಮಾಚದೆ ವೈದ್ಯರಿಗೆ ತೋರಿಸಬೇಕು.

ತುಪ್ಪವೇ ಸಾಲದೆ?

ಚರಕ ಸಂಹಿತೆಯ ಅಪಸ್ಮಾರ ಚಿಕಿತ್ಸೆಯಲ್ಲಿ ಪಂಚಗವ್ಯ ಘೃತದ ಉಲ್ಲೇಖವಿದೆ. ಆದರೂ ಅದು ಮತ್ತು ಕೀಟೋಜೆನಿಕ್ ಪಥ್ಯ ಒಂದೇ ಅಲ್ಲ. ಅನ್ನದ ಮೇಲೆ ಎಷ್ಟೇ ತುಪ್ಪ ಸುರಿದರೂ ಕೀಟೋನ್ ಏರುವುದಿಲ್ಲ. ಈ ಪಥ್ಯದಲ್ಲಿ ರಕ್ತದ ಸಕ್ಕರೆ, ಕೀಟೋನ್, ಆಮ್ಲೀಯತೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿ ಸ್ವತಃ ಆರಂಭಿಸತಕ್ಕದ್ದಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಪಥ್ಯವನ್ನು ಎಷ್ಟು ದಿನ ಮುಂದುವರಿಸಬೇಕು, ಹೇಗೆ ಬಿಡಬೇಕು ಎಂಬುದನ್ನು ನರರೋಗ ತಜ್ಞರೇ ನಿರ್ಧರಿಸಬೇಕು. ಅವರು ಹೇಳುವವರೆಗೆ ಅಪಸ್ಮಾರದ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಬಾರದು.