ಶಕುಂತಲಾದೇವಿಯವರ 26 ಅಂಕಿಯ ಉತ್ತರ



ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 28 ಸೆಕೆಂಡುಗಳಲ್ಲಿ ಬಾಯಿಲೆಕ್ಕದಲ್ಲೇ ಮಾಡಿದ ಗುಣಾಕಾರ ಇದು:

7686369774870 × 2465099745779 = 18947668177995426462773730

ಸಾಮಾನ್ಯ ಕ್ಯಾಲ್ಕ್ಯುಲೇಟರಿನಲ್ಲಿ ಇಷ್ಟು ಅಂಕಿ ಹಿಡಿಸುವುದಿಲ್ಲ. ಹಾಗಾಗಿ ಮಕ್ಕಳಿಗೆ ನಾನು ಹೇಳಿಕೊಡುವ ಉಪಾಯ: ಒಂದೇ ಅಂಕಿ ಉಳಿಯುವವರೆಗೆ ಅಂಕಿಗಳನ್ನು ಕೂಡುತ್ತಾ ಹೋಗಿ.

ಮೊದಲನೆಯದು: 78, 15, 6.
ಎರಡನೆಯದು: 74, 11, 2.
6 × 2 = 12, ಅಂದರೆ 3.
ಉತ್ತರ: 138, 12, 3. ತಾಳೆಯಾಯಿತು!

ತಾಳೆಯಾಗದಿದ್ದರೆ ಲೆಕ್ಕ ಖಂಡಿತ ತಪ್ಪು. ಆದರೆ ತಾಳೆಯಾದ ಮಾತ್ರಕ್ಕೆ ಸರಿಯೆನ್ನುವಂತಿಲ್ಲ. ಎರಡು ಅಂಕಿ ಅದಲುಬದಲಾದರೂ ಮೊತ್ತ ಅಷ್ಟೇ ಇರುತ್ತದೆ.

ಇನ್ನೊಂದು ವಿಷಯ: 138 ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗದು. ಉತ್ತರವೂ ಹಾಗೆಯೇ. ಕೊನೆಯಲ್ಲಿ ಸೊನ್ನೆ ಇರುವುದರಿಂದ 30ರಿಂದಲೂ ಭಾಗವಾಗುತ್ತದೆ.

ಈ ವಾರ ಮಕ್ಕಳೊಡನೆ ಕನ್ನಡದಲ್ಲೇ ಎಣಿಸಿ ನೋಡಿ.